ಫೋಟೊದಲ್ಲಿ ಇದ್ದದ್ದೇ ಪೊಟ್ಟಣದಲ್ಲಿ

ಇನ್‌ಸ್ಟಾಗ್ರಾಂ, ವಾಟ್ಸಾಪ್, ಗೂಗಲ್ ಮ್ಯಾಪ್ ನಂಬಿಕೊಂಡು ವ್ಯಾಪಾರ ಮಾಡುವ ಮುಂಬಯಿ, ಪುಣೆ, ಗೋವಾದ ಓದುಗರಿಂದ ಪ್ರಶ್ನೆ ಕೇಳಿದ್ದೆವು. ಪತ್ರಗಳ ಊರು ಬೇರೆ, ದಂಧೆ ಬೇರೆ, ತಕರಾರು ಹೆಚ್ಚುಕಡಿಮೆ ಒಂದೇ: "ಅಥೆಂಟಿಕ್ ಆಗಿರಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆಂದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು, ಅದನ್ನು ಯಾರೂ ಹೇಳುವುದಿಲ್ಲ." ಎಂಟು ಪ್ರಶ್ನೆ ಆರಿಸಿಕೊಂಡಿದ್ದೇವೆ. ಓದುಗರ ಹೆಸರು ಬಿಟ್ಟಿದ್ದೇವೆ, ಊರು ಮಾತ್ರ ಇಟ್ಟಿದ್ದೇವೆ.

ಸಾರಿನ ಪುಡಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇನೆ. ಇನ್‌ಸ್ಟಾಗ್ರಾಂ ಪೇಜನ್ನು ಒಂದು ಏಜೆನ್ಸಿಗೆ ಒಪ್ಪಿಸಿದ್ದೆ. ದಿನಕ್ಕೊಂದು ಪೋಸ್ಟ್: ಮರದ ಸೌಟು, ಹಳ್ಳಿಯ ಒಲೆ, "ಅಜ್ಜಿಯ ಕೈರುಚಿ". ಲೈಕ್ ಬರುತ್ತವೆ, ಆರ್ಡರ್ ಇಲ್ಲ. ನಾನೇ ಹಾಕುವುದಾದರೆ ಏನು ಹಾಕಲಿ? ಮುಖ ತೋರಿಸಲು ನನಗೆ ಮನಸ್ಸಿಲ್ಲ. (ಡೊಂಬಿವಲಿ)

ಮುಖ ಬೇಡವೇ ಬೇಡ. ಕೈ ಕಂಡರೆ ಸಾಕು. ಆ ಒಲೆ ನಿಮ್ಮದಲ್ಲ, ಸೌಟು ನಿಮ್ಮದಲ್ಲ, ಅದೇ ಚಿತ್ರ ಬೇರೆ ಮಸಾಲೆಯವರ ಪೇಜಿನಲ್ಲೂ ಇರುತ್ತದೆ. ಅಲ್ಲಿಗೆ ನೋಡುವವರಿಗೆ ನಿಮ್ಮ ಪುಡಿಯ ಬಗ್ಗೆ ಒಂದಕ್ಷರವೂ ತಿಳಿದಂತಾಗಲಿಲ್ಲ. ದುಡ್ಡು ಕೊಡುವವರು ಕೇಳುವುದು ನಾಲ್ಕೇ ಮಾತು: ಯಾವ ಮೆಣಸಿನಕಾಯಿ, ಯಾವತ್ತು ಹುರಿದದ್ದು, ಎಷ್ಟು ದಿನ ಇಡಬಹುದು, ರೇಟು ಎಷ್ಟು.

ದಿನಕ್ಕೊಂದು ಪೋಸ್ಟ್ ಬಿಡಿ. ವಾರಕ್ಕೆ ಮೂರು ಸಾಕು, ಅವೂ ಒಂದೇ ಬ್ಯಾಚಿನಿಂದ ಹುಟ್ಟಲಿ. ಮೊದಲನೆಯದು ಖರೀದಿಯ ದಿನ. ವಾಶಿಯ ಮಸಾಲೆ ಮಾರುಕಟ್ಟೆಯಿಂದ ತಂದ ಬ್ಯಾಡಗಿ ಮೆಣಸಿನಕಾಯಿಯನ್ನು ಅಂಗೈಯಲ್ಲಿಟ್ಟು ಹತ್ತಿರದಿಂದ ತೋರಿಸಿ. ಸಿಪ್ಪೆ ಸುಕ್ಕುಸುಕ್ಕು, ಬಣ್ಣ ಜಾಸ್ತಿ, ಖಾರ ಕಡಿಮೆ, ಇದು ಬ್ಯಾಡಗಿಯ ಗುರುತು. ದಪ್ಪಗೆ ಉಬ್ಬಿದ ಡಬ್ಬಿಯೋ ಸಣ್ಣಗೆ ಉದ್ದನೆಯ ಕಡ್ಡಿಯೋ, ಅದನ್ನೂ ಹೇಳಿ. 2011ರಲ್ಲಿ ಭೌಗೋಳಿಕ ಸೂಚಿ (ಆ ಸೀಮೆಯ ಮಾಲಿಗೆ ಮಾತ್ರ ಆ ಹೆಸರು ಎಂಬ ಕಾನೂನಿನ ಗುರುತು) ಸಿಕ್ಕ ಮೇಲೂ ಬೇರೆ ಕಡೆಯ ಸುಕ್ಕು ಮೆಣಸಿನಕಾಯಿ ಬ್ಯಾಡಗಿಯ ಹೆಸರಿನಲ್ಲಿ ಮಾರಾಟವಾಗುತ್ತದೆ. ನೋಡಿ ತಂದಿದ್ದೀರಿ ಅಂತ ಗಿರಾಕಿಗೆ ಗೊತ್ತಾಗಬೇಕು. ಖಾರಕ್ಕೆಂದು ಗುಂಟೂರು ಬೆರೆಸಿದ್ದರೆ ಅದನ್ನು ಮುಚ್ಚಿಡುವುದೇಕೆ? "ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು" ಎಂದು ಬರೆದರೆ ಖಾರ ತಿನ್ನುವವರಿಗೂ ತಿನ್ನದವರಿಗೂ ಉಪಕಾರ.

ಎರಡನೆಯದು ಹುರಿಯುವ ದಿನ. ಇಲ್ಲಿ ಬಾಣಲೆ ತುಂಬ ತೋರಿಸುವುದಕ್ಕಿಂತ ಮೆಂತ್ಯ ಒಂದನ್ನೇ ತೋರಿಸಿ. ಒಂದು ಬಿಳಿ ತಟ್ಟೆಯಲ್ಲಿ ಮೂರು ಚಿಟಿಕೆ: ಹಸಿ ಮೆಂತ್ಯ, ಹದವಾಗಿ ಹುರಿದದ್ದು, ಅರ್ಧ ನಿಮಿಷ ಹೆಚ್ಚಾಗಿ ಕಪ್ಪೇರಿದ್ದು. ಮೂರನೆಯದು ಬಿದ್ದರೆ ಇಡೀ ಸಾರು ಕಹಿ. ಇದನ್ನು ಇಪ್ಪತ್ತು ಸೆಕೆಂಡಿನಲ್ಲಿ ಹೇಳಬಲ್ಲವರು ಈ ಕೆಲಸ ಮಾಡಿದವರು ಮಾತ್ರ, ನೋಡುವವರಿಗೂ ಅದು ತಿಳಿಯುತ್ತದೆ. "ಅಜ್ಜಿಯ ಕೈರುಚಿ" ಎಂದು ನೂರು ಸಲ ಬರೆದರೂ ಅಷ್ಟು ಕೆಲಸ ಆಗುವುದಿಲ್ಲ.

ಮೂರನೆಯದು ಮಾರಾಟದ ಪೋಸ್ಟ್. ಅದರ ಕೆಳಗಿನ ಬರಹ ಹೀಗಿರಲಿ: "ಸಾರಿನ ಪುಡಿ. ಮಂಗಳವಾರ ಮನೆಯಲ್ಲಿ ಹುರಿದದ್ದು, ಬುಧವಾರ ಗಿರಣಿಯಲ್ಲಿ ಬೀಸಿಸಿದ್ದು. ಈ ಸಲ 6 ಕಿಲೊ, ಅಂದರೆ 200 ಗ್ರಾಮಿನ 30 ಪೊಟ್ಟಣ. ಒಂದಕ್ಕೆ 160 ರೂ., ಕೊರಿಯರ್ ಬೇರೆ. ಖಾರ ಮಧ್ಯಮ. ಒಡೆದ ಮೇಲೆ ಒಣ ಚಮಚ ಹಾಕಿದರೆ 2 ತಿಂಗಳು." ಗಿರಣಿಯಲ್ಲಿ ಬೀಸಿಸಿದ್ದನ್ನು ಒರಳಲ್ಲಿ ಕುಟ್ಟಿದ್ದು ಎಂದು ಬರೆಯಬೇಡಿ, ಗಿರಣಿಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೆಲೆಯನ್ನು "ಇನ್‌ಬಾಕ್ಸ್‌ನಲ್ಲಿ ಕೇಳಿ" ಎಂದು ಬಚ್ಚಿಡಲೂಬೇಡಿ. ಒಬ್ಬೊಬ್ಬರಿಗೆ ಒಂದೊಂದು ರೇಟು ಹೇಳುತ್ತಾರೆ ಎಂಬ ಅನುಮಾನ ಅಲ್ಲಿಂದಲೇ ಶುರುವಾಗುವುದು.

ಚಿತ್ರ ತೆಗೆಯುವ ರೀತಿ ಸುಲಭ. ಮೊಬೈಲಿನ ಲೆನ್ಸ್ ಮೊದಲು ಒರೆಸಿ, ಅಡುಗೆಮನೆಯ ಫೋನಿಗೆ ಎಣ್ಣೆಯ ಪೊರೆ ಕೂತೇ ಇರುತ್ತದೆ. ಬೆಳಿಗ್ಗೆ ಕಿಟಕಿಯ ಪಕ್ಕ, ಟ್ಯೂಬ್‌ಲೈಟ್ ಆರಿಸಿ. ಹಗಲು ಬೆಳಕಿಗೆ ಟ್ಯೂಬ್‌ಲೈಟ್ ಬೆರೆತರೆ ಪುಡಿಯ ಕೆಂಪು ಮಂಕಾಗಿ ಹಳಸಿದ ಹಾಗೆ ಕಾಣುತ್ತದೆ. ಫೋನ್ ನೆಟ್ಟಗೆ ಹಿಡಿಯಿರಿ. ಹುರಿಯುವ ಸದ್ದನ್ನು ಹಾಗೇ ಬಿಡಿ. ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳ ಪೂರ್ತಿ ಭಂಡಾರ ಹೇಗೂ ಸಿಗುವುದಿಲ್ಲ. ಎಲ್ಲಿಂದಲೋ ತಂದು ಅಂಟಿಸಿದರೆ ವೀಡಿಯೊದ ಸದ್ದು ಅಡಗುತ್ತದೆ, ಇಲ್ಲವೇ ವೀಡಿಯೊವೇ ಮಾಯವಾಗುತ್ತದೆ.

ಇನ್ನು "ಅಥೆಂಟಿಕ್" ಎಂಬ ಪದ. ತಿನಿಸಿನ ವ್ಯಾಪಾರದಲ್ಲಿ ಆ ಪದವನ್ನು ಸುಮ್ಮನೆ ಬಳಸುವಂತಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾಡಿದ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಲ್ಲಿ ನ್ಯಾಚುರಲ್, ಫ್ರೆಶ್, ಪ್ಯೂರ್, ಟ್ರೆಡಿಷನಲ್, ಅಥೆಂಟಿಕ್ ಮುಂತಾದ ಪದಗಳನ್ನು ಯಾವಾಗ ಬಳಸಬಹುದು ಎಂಬ ಷರತ್ತುಗಳಿವೆ. ಆ ಪದ ಬಿಟ್ಟು ಮೇಲಿನಂತೆ ದಿನ, ಜಾಗ, ಪ್ರಮಾಣ ಬರೆದರೆ ಷರತ್ತಿನ ಗೊಡವೆಯೇ ಇಲ್ಲ. ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಪೊಟ್ಟಣದ ಮೇಲೆ ಇರಲೇಬೇಕು. ಪೇಜಿನ ಪರಿಚಯದ ಸಾಲಿನಲ್ಲೂ ಹಾಕಿ.

ನಮ್ಮದು ಉಡುಪಿ ಹೋಟೆಲ್. ಗೂಗಲ್‌ನಲ್ಲಿ ನೂರು ಫೈವ್‌ಸ್ಟಾರ್ ರಿವ್ಯೂ ಹಾಕಿಸಿಕೊಡುತ್ತೇವೆ ಅಂತ ಒಬ್ಬರು ಗಂಟುಬಿದ್ದಿದ್ದಾರೆ. ಎದುರಿನ ಹೋಟೆಲಿನವರು ಹಾಕಿಸಿದ್ದಾರಂತೆ. ಇನ್ನೊಂದು ಕಡೆ "ಸಾಂಬಾರ್ ಪಾಯಸದಂತಿದೆ, ಇಡ್ಲಿ ತಣ್ಣಗೆ" ಅಂತ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಏನು ಮಾಡುವುದು? (ಕೋಥ್ರುಡ್, ಪುಣೆ)

ಎದುರಿನವರ ಲೆಕ್ಕ ಅವರಿಗೆ ಇರಲಿ. ಕೊಂಡ ರಿವ್ಯೂಗಳು ಸಿಕ್ಕಿಬೀಳುವುದು ಹೀಗೆ: ಒಂದೇ ವಾರದಲ್ಲಿ ರಾಶಿ ಬೀಳುತ್ತವೆ. ಬರೆದವರ ಖಾತೆ ತೆರೆದರೆ ನಿನ್ನೆ ಜೈಪುರದ ಹಲ್ಲಿನ ಡಾಕ್ಟರು, ಇವತ್ತು ಕೋಥ್ರುಡ್‌ನ ದೋಸೆ, ನಾಳೆ ಕೊಚ್ಚಿಯ ಟೈಲ್ಸ್ ಅಂಗಡಿ. ಒಂದರಲ್ಲೂ ತಿಂಡಿಯ ಹೆಸರಿಲ್ಲ, "ಗುಡ್ ಆಂಬಿಯೆನ್ಸ್, ನೈಸ್ ಸ್ಟಾಫ್" ಅಷ್ಟೇ. ಗೂಗಲ್ ಇಂಥವನ್ನು ಹಿಡಿದರೆ ಅಳಿಸುವುದಷ್ಟೇ ಅಲ್ಲ, ಕೆಲವು ಕಾಲ ಹೊಸ ರಿವ್ಯೂ ಬಾರದಂತೆ ತಡೆಯಬಹುದು, ಸುಳ್ಳು ರಿವ್ಯೂ ತೆಗೆದಿದ್ದೇವೆ ಎಂಬ ಎಚ್ಚರಿಕೆಯನ್ನು ನಿಮ್ಮ ಪ್ರೊಫೈಲಿನ ಮೇಲೇ ತೂಗುಹಾಕಬಹುದು. ಆಗ ನಿಜವಾದ ಗಿರಾಕಿ ಬರೆದದ್ದೂ ಜೊತೆಗೇ ಮುಳುಗುತ್ತದೆ. ಆನ್‌ಲೈನ್ ಮಾರಾಟಕ್ಕೆ ಸಂಬಂಧಿಸಿದ 2020ರ ಇ-ಕಾಮರ್ಸ್ ನಿಯಮಗಳಂತೂ ಮಾರಾಟಗಾರ ಗಿರಾಕಿಯ ವೇಷ ಹಾಕಿ ರಿವ್ಯೂ ಬರೆಯಬಾರದೆಂದು ನೇರವಾಗಿಯೇ ಹೇಳುತ್ತವೆ. ರಿವ್ಯೂ ಸಂಗ್ರಹಿಸಿ ಪ್ರಕಟಿಸುವುದು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೇ ತಂದಿದೆ.

ನ್ಯಾಯವಾಗಿ ಹೆಚ್ಚಿಸುವ ದಾರಿ ನಿಧಾನ, ಆದರೆ ಕಷ್ಟವಲ್ಲ. ಗಲ್ಲಾದ ಬಳಿ ರಿವ್ಯೂ ಕೊಂಡಿಯ ಕ್ಯೂಆರ್ ಕೋಡ್ ಅಂಟಿಸಿ. ಬಿಲ್ ಕೊಡುವಾಗ ಎಲ್ಲರಿಗೂ ಒಂದೇ ಮಾತು: "ಏನು ತಿಂದಿರಿ, ಹೇಗಿತ್ತು, ಬರೆಯಿರಿ." ನಗುನಗುತ್ತ ಎದ್ದವರನ್ನು ಮಾತ್ರ ಆರಿಸಿ ಕೇಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ರಿವ್ಯೂ ಬರೆದರೆ ಕಾಫಿ ಫ್ರೀ ಎನ್ನುವುದೂ ವಿರುದ್ಧ. ಎರಡನೆಯದನ್ನು ಒಳ್ಳೊಳ್ಳೆಯ ಹೋಟೆಲುಗಳೇ ಗೊತ್ತಿಲ್ಲದೆ ಮಾಡುತ್ತಿವೆ.

ಸಾಂಬಾರಿನ ದೂರಿಗೆ ಬನ್ನಿ. ಅದರಲ್ಲಿ ಎರಡು ದೂರು ಕಲೆತಿವೆ, ಬೇರೆ ಮಾಡಿ. ಇಡ್ಲಿ ತಣ್ಣಗಿದ್ದದ್ದು ನಿಮ್ಮ ತಪ್ಪು. ಸಾಂಬಾರ್ ಸಿಹಿ ಇರುವುದು ನಿಮ್ಮ ಪದ್ಧತಿ. ಮೊದಲನೆಯದಕ್ಕೆ ಕ್ಷಮೆ, ಎರಡನೆಯದಕ್ಕೆ ವಿವರ. ಎರಡಕ್ಕೂ ಕ್ಷಮೆ ಕೇಳಿದರೆ ನಾಳೆ ಬೆಲ್ಲ ಬಿಡಬೇಕಾಗುತ್ತದೆ, ಎರಡಕ್ಕೂ ವಾದ ಹೂಡಿದರೆ ಓದುವವರು ಇಡ್ಲಿ ತಣ್ಣಗಿತ್ತೆಂದೇ ನಂಬುತ್ತಾರೆ. ಉತ್ತರದ ಮಾದರಿ:

"ನಮಸ್ಕಾರ. ಭಾನುವಾರ ನಿಮಗೆ ತಣ್ಣನೆಯ ಇಡ್ಲಿ ಬಂತು, ತಪ್ಪಾಯಿತು. ಒಂಬತ್ತರಿಂದ ಹನ್ನೊಂದರವರೆಗೆ ಜನ ಜಾಸ್ತಿ ಅಂತ ಮೊದಲೇ ಇಳಿಸಿಟ್ಟಿದ್ದೆವು. ಈ ವಾರದಿಂದ ಚಿಕ್ಕ ಚಿಕ್ಕ ಸುತ್ತಿನಲ್ಲಿ ಬೇಯಿಸುತ್ತಿದ್ದೇವೆ. ಸಾಂಬಾರಿಗೆ ಬೆಲ್ಲ ಹಾಕುವುದು ನಮ್ಮ ಉಡುಪಿ ಕಡೆಯ ರೀತಿ. ಸಿಹಿ ಒಗ್ಗದಿದ್ದರೆ ಇಡ್ಲಿಗೆ ಬರೀ ಚಟ್ನಿ ಕೇಳಿ, ಕೊಡುತ್ತಾರೆ."

"ಚಿಕ್ಕ ಸುತ್ತು" ನಿಜವಾಗಿ ಶುರುವಾಗಿದ್ದರೆ ಮಾತ್ರ ಆ ಸಾಲು. ಬದಲಾಯಿಸದೆ ಬದಲಾಯಿಸಿದ್ದೇವೆ ಎಂದರೆ ಮುಂದಿನ ಭಾನುವಾರ ಇನ್ನೊಬ್ಬರು ಅದೇ ಜಾಗದಲ್ಲಿ ಬರೆಯುತ್ತಾರೆ. ಎಲ್ಲ ರಿವ್ಯೂಗೂ "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಅಂಟಿಸುವ ಚಾಳಿ ಬಿಡಿ. ಸಾಲಾಗಿ ಓದಿದರೆ ಮಷೀನು ಕೂತಿದೆ ಅನಿಸುತ್ತದೆ. ಬೈದವರಿಗೆ ಮೊದಲು ಉತ್ತರಿಸಿ, ಹೊಗಳಿದವರು ಕಾಯುತ್ತಾರೆ. ಸಿಟ್ಟು ಬಂದ ದಿನ ಉತ್ತರ ಬರೆದು ಇಟ್ಟುಕೊಳ್ಳಿ, ಮರುದಿನ ಹಾಕಿ.

ನಮ್ಮ ಹೋಟೆಲಿನ ವೀಡಿಯೊ ಮಾಡಲು ಫುಡ್ ವ್ಲಾಗರ್ ಒಬ್ಬರು 15,000 ರೂ. ಮತ್ತು ನಾಲ್ಕು ಜನಕ್ಕೆ ಊಟ ಕೇಳಿದ್ದಾರೆ. "ಪೇಯ್ಡ್ ಅಂತ ಹಾಕಿದರೆ ಜನ ನಂಬಲ್ಲ, ಹಾಗೇ ಹೋಗಿ ತಿಂದ ಹಾಗೆ ಮಾಡೋಣ" ಅನ್ನುತ್ತಾರೆ. (ಠಾಣೆ)

ಒಪ್ಪಬೇಡಿ. ಸಿಕ್ಕಿಬಿದ್ದರೆ ಅವರ ಜೊತೆ ನೀವೂ ಸಿಕ್ಕಿಬೀಳುತ್ತೀರಿ. ಜಾಹೀರಾತುಗಳ ಸ್ವಯಂನಿಯಂತ್ರಣಕ್ಕೆಂದು 1985ರಲ್ಲಿ ಹುಟ್ಟಿದ, ಮುಂಬಯಿಯಲ್ಲೇ ಕಚೇರಿಯಿರುವ ಆಸ್ಕಿ ಸಂಸ್ಥೆ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಹೊರಡಿಸಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ತಂದಿತು. 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಸರ್ಕಾರದ ಕೈಪಿಡಿಯೂ ಬಂತು. ದುಡ್ಡು ಕೊಟ್ಟರಷ್ಟೇ ಜಾಹೀರಾತು ಅಂದುಕೊಳ್ಳಬೇಡಿ: ಪುಕ್ಕಟೆ ಊಟ, ಉಡುಗೊರೆ, ರಿಯಾಯಿತಿ, ನೆಂಟಸ್ತಿಕೆ ಎಲ್ಲವೂ ಹೇಳಲೇಬೇಕಾದ ಸಂಬಂಧವೇ. ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ ಮೊದಲ ಸಲ 10 ಲಕ್ಷ ರೂ., ಮತ್ತೆ ಮಾಡಿದರೆ 50 ಲಕ್ಷ ರೂ. ತನಕ ದಂಡ ಹಾಕಬಹುದು. ಪ್ರಚಾರ ಮಾಡಿದವರನ್ನು ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಪ್ರಚಾರದಿಂದ ದೂರ ಇಡಬಹುದು.

ಗುರುತು ಎಲ್ಲಿ, ಎಷ್ಟು ಹೊತ್ತು ಎಂಬುದಕ್ಕೆ ಆಸ್ಕಿಯ ಲೆಕ್ಕ ಇದೆ. 15 ಸೆಕೆಂಡಿನವರೆಗಿನ ವೀಡಿಯೊದಲ್ಲಿ ಕನಿಷ್ಠ 3 ಸೆಕೆಂಡು ಕಾಣಬೇಕು. ಅದಕ್ಕಿಂತ ಉದ್ದ, 2 ನಿಮಿಷದ ಒಳಗಾದರೆ ವೀಡಿಯೊದ ಮೂರನೇ ಒಂದು ಭಾಗ. ಅದಕ್ಕೂ ಉದ್ದವಾದರೆ ನಿಮ್ಮ ಹೋಟೆಲಿನ ಮಾತು ನಡೆಯುವಷ್ಟು ಹೊತ್ತೂ. ಮೂವತ್ತು ಹ್ಯಾಷ್‌ಟ್ಯಾಗ್‌ಗಳ ಬಾಲದಲ್ಲಿ ಹುದುಗಿಸಿದರೆ ಹೇಳಿದ ಹಾಗಾಗುವುದಿಲ್ಲ. ಇನ್‌ಸ್ಟಾಗ್ರಾಂನ "ಪೇಯ್ಡ್ ಪಾರ್ಟ್‌ನರ್‌ಶಿಪ್" ಗುಂಡಿ ಒತ್ತಿಸಿ. ಕನ್ನಡ ವೀಡಿಯೊ ಆದರೆ "ಜಾಹೀರಾತು" ಎಂದು ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆಸಿ.

ದುಡ್ಡು ಕೊಡುವ ಮುಂಚೆ ಅವರ ಇನ್‌ಸೈಟ್ಸ್ ಪುಟದ ಸ್ಕ್ರೀನ್‌ಶಾಟ್ ಕೇಳಿ, ನೋಡುಗರು ಯಾವ ಊರಿನವರು ಎಂದು ಅದರಲ್ಲಿ ಇರುತ್ತದೆ. ನೋಡುಗರೆಲ್ಲ ದಿಲ್ಲಿ, ಲಖನೌ ಕಡೆಯವರಾದರೆ ಠಾಣೆಯ ಊಟಕ್ಕೆ ಯಾರು ಬರುತ್ತಾರೆ? ಮಾತುಕತೆ ಬರಹದಲ್ಲಿರಲಿ: ದಿನಾ ಬಡಿಸುವ ಅಳತೆಯಲ್ಲೇ ಬಡಿಸುತ್ತೇವೆ, ಬೆಲೆ ತೆರೆಯ ಮೇಲೆ ಬರಬೇಕು, "ಮುಂಬಯಿಯಲ್ಲೇ ಬೆಸ್ಟ್" ಎನ್ನಬಾರದು, ರುಚಿ ಬಗ್ಗೆ ಅನಿಸಿದ್ದನ್ನು ಹೇಳಲು ಅಡ್ಡಿಯಿಲ್ಲ. ಕೊನೆಯದಕ್ಕೆ ಹೆದರುವ ಮಾಲೀಕರು ಜಾಸ್ತಿ. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಅವರು ಹೇಳಿಬಿಟ್ಟರೆ ಉಳಿದ ಹೊಗಳಿಕೆಗೆ ತೂಕ ಬರುತ್ತದೆ.

ಇಳಕಲ್ ಸೀರೆಗಳನ್ನು ಲೈವ್‌ನಲ್ಲಿ ಮಾರುತ್ತೇನೆ. "ಬಣ್ಣ ಬೇರೆ ಬಂತು" ಅಂತ ಹಿಂದಿರುಗಿಸುವವರು ಹೆಚ್ಚಾಗಿದ್ದಾರೆ. ಒಬ್ಬರು "ಇದು ಕೈಮಗ್ಗವೇ ಅಲ್ಲ" ಎಂದು ಎಲ್ಲರೆದುರು ಕಮೆಂಟ್ ಹಾಕಿದರು. (ಮುಲುಂಡ್, ಮುಂಬಯಿ)

ಬಣ್ಣದ ತಕರಾರಿಗೆ ಮುಕ್ಕಾಲು ಪಾಲು ಕಾರಣ ರಾತ್ರಿಯ ಲೈವ್ ಮತ್ತು ರಿಂಗ್‌ಲೈಟ್. ಹಳದಿ ಬೆಳಕಿನಲ್ಲಿ ದಾಳಿಂಬೆ ಕೆಂಪು ಕಿತ್ತಳೆಯತ್ತ ವಾಲುತ್ತದೆ, ನವಿಲು ಹಸಿರು ಬರೀ ಹಸಿರಾಗುತ್ತದೆ. ಜೊತೆಗೆ ಬ್ಯೂಟಿ ಫಿಲ್ಟರ್ ಮುಖದ ಜೊತೆ ಸೀರೆಯನ್ನೂ ಬೆಳ್ಳಗೆ ಮಾಡುತ್ತದೆ. ಆ ಫಿಲ್ಟರ್ ತೆಗೆದುಹಾಕಿ. ಲೈವ್ ರಾತ್ರಿಯೇ ಮಾಡಬೇಕಿದ್ದರೂ ಪ್ರತಿ ಸೀರೆಯ ಒಂದು ಚಿತ್ರವನ್ನು ಹಗಲು ತೆಗೆದಿಡಿ: ನೇರ ಬಿಸಿಲು ಬೇಡ, ಕಿಟಕಿಯ ನೆರಳು ಬೆಳಕು ಸಾಕು, ಸೀರೆಯ ಅಂಚಿಗೆ ಒಂದು ಬಿಳಿ ಕಾಗದ ಇಡಿ. ಕಾಗದ ಚಿತ್ರದಲ್ಲಿ ಬೆಳ್ಳಗೆ ಕಂಡರೆ ಸೀರೆಯ ಬಣ್ಣವೂ ಸರಿಯಿದೆ. ಕಾಗದ ಹಳದಿಯೋ ನೀಲಿಯೋ ಕಂಡರೆ ಚಿತ್ರ ಮತ್ತೆ ತೆಗೆಯಿರಿ. ಆರ್ಡರ್ ಖಚಿತ ಮಾಡುವ ಮುನ್ನ ಈ ಚಿತ್ರ ವಾಟ್ಸಾಪ್‌ನಲ್ಲಿ ಕಳಿಸಿ, ಅವರು "ಸರಿ" ಎಂದ ಮೇಲೆ ದುಡ್ಡು ತಗೊಳ್ಳಿ. ಹೋಲ್‌ಸೇಲಿನವರು ಕಳಿಸಿದ ಫೋಟೊ ಹಾಕುವುದನ್ನು ಪೂರ್ತಿ ನಿಲ್ಲಿಸಿ.

ಕೈಮಗ್ಗದ ಪ್ರಶ್ನೆ ಗಂಭೀರ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿ ಇದೆ. ಪವರ್‌ಲೂಮಿನಲ್ಲಿ ನೇಯ್ದು ಅದೇ ಹೆಸರಿನಲ್ಲಿ ಬರುವ ಮಾಲಿಗೂ ಪೇಟೆಯಲ್ಲಿ ಬರವಿಲ್ಲ. ಖಚಿತವಿಲ್ಲದಿದ್ದರೆ ಕೈಮಗ್ಗ ಎನ್ನಬೇಡಿ. ಖಚಿತವಿದ್ದರೆ ಬಾಯಲ್ಲಿ ಹೇಳುವ ಬದಲು ತೋರಿಸಿ. ಎಲ್ಲಿ ತೋರಿಸಬೇಕು? ಒಡಲು ಮುಗಿದು ಸೆರಗು ಶುರುವಾಗುವ ಗೆರೆಯಲ್ಲಿ. ಇಳಕಲ್‌ನಲ್ಲಿ ಒಡಲಿನ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಕೊಂಡಿಯಾಗಿ ಸಿಕ್ಕಿಸಿ ಸೇರಿಸುತ್ತಾರೆ. ಆ ಗೆರೆಯ ಹಿಂಬದಿಯನ್ನು ಕ್ಯಾಮೆರಾಗೆ ಹತ್ತಿರ ಹಿಡಿದು ಹತ್ತು ಸೆಕೆಂಡು ನಿಲ್ಲಿಸಿ. ಆಮೇಲೆ ತೋಪು ತೆನೆಯ ಸೆರಗು, ಆಮೇಲೆ ಅಂಚು: ಚಿಕ್ಕಿಯೋ, ಗೋಮಿಯೋ, ಪರಾಸಪೇಟೆಯೋ, ಹೆಸರು ಹಿಡಿದು ಹೇಳಿ.

ಕಸೂತಿ ಇದ್ದರೆ ಸೀರೆ ಮಗುಚಿ. ಗವಂತಿ, ಮುರ್ಗಿ ಹೊಲಿಗೆಗಳು ಕೈಯಲ್ಲಿ ಹಾಕಿದ್ದಾದರೆ ಹಿಂದೆ ಮುಂದೆ ಒಂದೇ ಥರ, ಗಂಟು ಕಾಣದು. ಮಷೀನಿನದಾದರೆ ಹಿಂಬದಿಯಲ್ಲಿ ಬೇರೆ ದಾರದ ಜಾಲ ಕಾಣುತ್ತದೆ. ಮಷೀನ್ ಕಸೂತಿ ಮಾರುವುದು ಅಪರಾಧವೇನಲ್ಲ, ರೇಟಿನಲ್ಲೂ ಮಾತಿನಲ್ಲೂ ಅದು ಗೊತ್ತಾಗಬೇಕು ಅಷ್ಟೇ.

ನೂಲಿನ ವಿಷಯದಲ್ಲಿ "ಸಿಲ್ಕ್" ಎಂದು ಒಂದೇ ಪದ ಹೇಳಿ ದಾಟುವುದು ಈ ವ್ಯಾಪಾರದ ಹಳೆಯ ರೋಗ. "ಒಡಲು ಹತ್ತಿ, ಅಂಚು ಸೆರಗು ಆರ್ಟ್ ಸಿಲ್ಕ್" ಎಂದು ಬಿಡಿಸಿ ಹೇಳಿ, ಆರ್ಟ್ ಸಿಲ್ಕ್ ಎಂದರೆ ರೇಷ್ಮೆಯಲ್ಲ ಎಂದೂ ಹೇಳಿ. ಅನುಮಾನ ಬಂದ ಎಳೆಯನ್ನು ಸುಟ್ಟು ನೋಡಿ: ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಕೈಯಲ್ಲಿ ಪುಡಿಯಾಗುತ್ತದೆ, ಆರ್ಟ್ ಸಿಲ್ಕಾಗಿ ಬಳಸುವ ರೇಯಾನ್ ಕಾಗದದ ಹಾಗೆ ಉರಿಯುತ್ತದೆ. ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ಅದನ್ನೂ ಚಿತ್ರದಲ್ಲಿ ಸೇರಿಸಿ.

ಕಮೆಂಟ್ ಹಾಕಿದವರಿಗೆ ಕೊಂಡಿಯ ವೀಡಿಯೊವನ್ನೇ ಉತ್ತರವಾಗಿ ಕೊಡಿ. ಅವರು ಹೇಳಿದ್ದು ನಿಜವಾಗಿದ್ದರೆ ಅಲ್ಲೇ ಒಪ್ಪಿ ದುಡ್ಡು ಹಿಂದಿರುಗಿಸಿ. ಇನ್ನೊಂದು ಮಾತು, ನೀವು ಕೇಳದಿದ್ದರೂ: ಹದಿನೈದು ಸೀರೆ ಕಪಾಟಿನಲ್ಲಿಟ್ಟುಕೊಂಡು "ಇನ್ನು ಎರಡೇ ಉಳಿದಿವೆ" ಎನ್ನುವ ಲೈವ್ ಅಭ್ಯಾಸ ನಿಮ್ಮಲ್ಲಿದ್ದರೆ ಬಿಡಿ. 2023ರ ಡಾರ್ಕ್ ಪ್ಯಾಟರ್ನ್ (ಆನ್‌ಲೈನ್‌ನಲ್ಲಿ ಗಿರಾಕಿಯನ್ನು ಮರುಳುಮಾಡುವ ತಂತ್ರ) ಮಾರ್ಗಸೂಚಿ ಹೆಸರಿಸಿದ ಹದಿಮೂರು ತಂತ್ರಗಳಲ್ಲಿ ಈ ಸುಳ್ಳು ಅವಸರವೂ ಒಂದು.

ಜುಲೈನಲ್ಲಿ ಕಳಿಸಿದ ಶೇಂಗಾ ಚಟ್ನಿಪುಡಿ 40 ಪೊಟ್ಟಣ. ಮೂವರು ಕಮಟು ವಾಸನೆ ಎಂದರು, ಒಬ್ಬರು ಪೋಸ್ಟ್ ಕೆಳಗೇ ಬರೆದರು. ಕಮೆಂಟ್ ಅಳಿಸಿ ಒಳಗಿಂದೊಳಗೆ ಸರಿಮಾಡಿಕೊಳ್ಳಲೇ? (ನೆರೂಳ್, ನವಿ ಮುಂಬಯಿ)

ಅಳಿಸಬೇಡಿ. ಸ್ಕ್ರೀನ್‌ಶಾಟ್ ಆಗಲೇ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ಮೂವರು ಹೇಳಿದರೆಂದರೆ ಇಡೀ ಬ್ಯಾಚ್ ಹೋಗಿದೆ ಎಂದೇ ಹಿಡಿಯಿರಿ. ಉಳಿದದ್ದರ ಮಾರಾಟ ನಿಲ್ಲಿಸಿ, ನಿಮ್ಮ ಬಳಿ ಇರುವ ಪೊಟ್ಟಣ ಒಡೆದು ಮೂಸಿ. ಪ್ರತಿ ಬ್ಯಾಚಿನಲ್ಲಿ ಒಂದು ಪೊಟ್ಟಣ ಮಾರದೆ ಎತ್ತಿಡುವ ರೂಢಿ ಇಲ್ಲದಿದ್ದರೆ ಇವತ್ತೇ ಶುರುಮಾಡಿ. ಅದೇ ಕಮೆಂಟಿನ ಕೆಳಗೆ ಅದೇ ದಿನ: "ಜುಲೈ 8ರಂದು ಮಾಡಿದ ಶೇಂಗಾ ಚಟ್ನಿಪುಡಿ ಕೆಟ್ಟಿದೆ, ತಿನ್ನಬೇಡಿ. ತೆಗೆದುಕೊಂಡ ಎಲ್ಲರಿಗೂ ದುಡ್ಡು ವಾಪಸ್, ಪೊಟ್ಟಣ ಹಿಂದಿರುಗಿಸುವುದು ಬೇಡ." ಇದನ್ನೇ ಪೋಸ್ಟ್ ಮಾಡಿ ಮೇಲೆ ಪಿನ್ ಮಾಡಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ನಂಬಬೇಡಿ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಪೊಟ್ಟಣ ತೆಗೆದುಕೊಂಡ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಿ. ಫೋಟೊ ಕಳಿಸಿ, ಬಿಲ್ ಕಳಿಸಿ ಎಂದು ಸತಾಯಿಸದೆ ಯುಪಿಐ ಮಾಡಿಬಿಡಿ.

ಕಾರಣ ತಿಳಿಯದೆ ಕಾರಣ ಬರೆಯಬೇಡಿ, "ಮಳೆಯಿಂದಾಗಿ" ಎಂದು ಮೋಡದ ಮೇಲೆ ಹೊರಿಸುವುದಂತೂ ಬೇಡ. ಸಾಮಾನ್ಯವಾಗಿ ತಪ್ಪುವುದು ಇಲ್ಲಿ: ಶೇಂಗಾ ಹಳೆಯದು, ಅದರ ಎಣ್ಣೆ ಆಗಲೇ ಕಮಟಾಗಿತ್ತು. ಬೆಳ್ಳುಳ್ಳಿ ಹಸಿಯಾಗಿ ಬಿತ್ತು. ಬಿಸಿ ಆರುವ ಮುಂಚೆ ತುಂಬಿಸಿದ್ದರಿಂದ ಪೊಟ್ಟಣದ ಒಳಗೆ ಹಬೆ ಕೂತಿತು. ತೆಳು ಪ್ಲಾಸ್ಟಿಕ್ ಹೊರಗಿನ ತೇವ ಒಳಗೆ ಬಿಟ್ಟಿತು. ಯಾವುದೆಂದು ಗೊತ್ತಾದ ಮೇಲೆ ಎರಡನೇ ಪೋಸ್ಟ್ ಹಾಕಿ, ಏನು ಬದಲಾಯಿಸಿದಿರಿ ಎಂದು ತೋರಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಳಿಕೆಯನ್ನು 60 ದಿನದ ಬದಲು 30 ಎಂದು ಬರೆಯುವುದು, 100 ಗ್ರಾಮಿನ ಪೊಟ್ಟಣ ಮಾತ್ರ ಮಾಡುವುದು, ಇವು ಮಾಡಿ ತೋರಿಸಬಹುದಾದ ಬದಲಾವಣೆಗಳು.

ಕಾಣಕೋಣದಲ್ಲಿ ನಮ್ಮದು ಮೂರು ಕೋಣೆಯ ಹೋಮ್‌ಸ್ಟೇ. ಹುಬ್ಬಳ್ಳಿ, ಬೆಳಗಾವಿ, ಪುಣೆಯಿಂದ ಬರುತ್ತಾರೆ. ಡಿಸೆಂಬರಿನ ಫೋಟೊ ನೋಡಿ ಜುಲೈನಲ್ಲಿ ಬಂದವರು ಮೋಸ ಅನ್ನುತ್ತಾರೆ. (ಗೋವಾ)

ಡಿಸೆಂಬರಿನ ನೀಲಿ ಸಮುದ್ರ ತೋರಿಸಿ ಜುಲೈನ ಕೋಣೆ ಮಾರಿದರೆ ಅವರು ಹೇಳುವುದು ಸರಿಯೇ. ಫೋಟೊ ಎರಡು ಕಟ್ಟು ಮಾಡಿ, ಮೇಲೆ ತಿಂಗಳ ಹೆಸರು ಬರೆಯಿರಿ, ಮೇ ಮುಗಿಯುತ್ತಲೇ ಮಳೆಗಾಲದ್ದನ್ನು ಮುಂದೆ ತನ್ನಿ. ಮಳೆಗಾಲದ ಪೋಸ್ಟಿನಲ್ಲಿ ಇಷ್ಟು ಬೇಕೇ ಬೇಕು: ಬೀಚಿನ ಶ್ಯಾಕ್‌ಗಳನ್ನು (ಮರಳಿನ ಮೇಲಿನ ತಾತ್ಕಾಲಿಕ ಹೋಟೆಲುಗಳನ್ನು) ಬಿಚ್ಚಿರುತ್ತಾರೆ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯುವಂತಿಲ್ಲ, ಮಳೆಗಾಲದಲ್ಲಿ ಅದು ಹಾರುತ್ತಲೇ ಇರುತ್ತದೆ. ಕರೆಂಟ್ ಹೋಗುತ್ತದೆ, ಇನ್ವರ್ಟರ್ ಫ್ಯಾನಿಗೂ ದೀಪಕ್ಕೂ ಉಂಟು, ಏಸಿಗೆ ಇಲ್ಲ. ಬಟ್ಟೆ ಒಣಗುವುದಿಲ್ಲ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆ, ಹಳೆಯ ಟೈಮು ನೋಡಿ ಬರಬೇಡಿ. ಇದನ್ನೆಲ್ಲ ಓದಿಯೂ ಬರುವವರು ಮಳೆಗೆಂದೇ ಬರುವವರು, ಅವರು ಜಗಳ ಆಡುವುದಿಲ್ಲ. ಅವರಿಗೆ ಹಸಿರು, ಬಿಸಿ ಗಂಜಿ, ಕಡಿಮೆ ಬಾಡಿಗೆ ಸಾಕು.

"ಬೀಚಿಗೆ 5 ನಿಮಿಷ" ಎಂಬುದು ಸ್ಕೂಟರಿನಲ್ಲೋ ನಡೆದೋ? ಗೇಟಿನಿಂದ ಮರಳಿನವರೆಗೆ ನಡೆದು ಫೋನಿನಲ್ಲಿ ಒಂದೇ ಓಟದ ವೀಡಿಯೊ ತೆಗೆದು ಹಾಕಿ, ಕತ್ತರಿಸಬೇಡಿ. ಸಮುದ್ರ ಕಾಣುವುದು ತಾರಸಿಯಿಂದ ಮಾತ್ರ ಆದರೆ ಹಾಗೇ ಬರೆಯಿರಿ. ಬಚ್ಚಲುಮನೆಯ ಫೋಟೊ ಹಾಕಿ, ಬುಕ್ ಮಾಡುವ ಹೆಂಗಸರು ಮೊದಲು ಹುಡುಕುವುದು ಅದನ್ನೇ. ಗೋವಾದ 1982ರ ಪ್ರವಾಸೋದ್ಯಮ ವ್ಯಾಪಾರ ನೋಂದಣಿ ಕಾಯ್ದೆಯಡಿ ಪಡೆದ ನೋಂದಣಿಯ ಸಂಖ್ಯೆಯೂ ಪೇಜಿನಲ್ಲಿ ಕಾಣಲಿ.

ಎಐನಿಂದ ಕೇಕಿನ ಚಿತ್ರ ಮಾಡಿ ಹಾಕಬಹುದೇ? (ಮಡಗಾಂವ್)

ದೀಪಾವಳಿ ಶುಭಾಶಯದ ಚಿತ್ರಕ್ಕೆ ಧಾರಾಳವಾಗಿ. ಮಾರುವ ಕೇಕಿಗೆ ಬೇಡ. ಎಐ ಮಾಡುವ ಕ್ರೀಮಿನ ಹೂವು ಗೋವಾದ ಮೇ ತಿಂಗಳ ಸೆಕೆಯಲ್ಲಿ ನಿಲ್ಲುವುದೇ ಇಲ್ಲ, ಅದೇ ಬೇಕೆಂದು ಗಿರಾಕಿ ಸ್ಕ್ರೀನ್‌ಶಾಟ್ ಹಿಡಿದು ನಿಲ್ಲುತ್ತಾರೆ. ಡಿಸೈನ್ ತೋರಿಸಲೇಬೇಕಾದರೆ "ಇದು ಕಲ್ಪನೆ, ಮಾಡಿದ ಕೇಕಲ್ಲ" ಎಂದು ಚಿತ್ರದ ಮೇಲೇ ಬರೆಯಿರಿ.

ಕನ್ನಡದಲ್ಲೇ ಬರೆದರೆ ಮರಾಠಿ ಗಿರಾಕಿ ತಪ್ಪುತ್ತಾರೆ, ಮರಾಠಿಯಲ್ಲಿ ಬರೆದರೆ ನಮ್ಮವರಿಗೆ ಬೇಸರ. ಇಂಗ್ಲಿಷೇ ಲೇಸೇ? (ನಿಗಡಿ, ಪಿಂಪ್ರಿ-ಚಿಂಚವಾಡ)

ಅಂಗಡಿಯಲ್ಲಿ ಯಾವ ಭಾಷೆ ಆಡುತ್ತೀರೋ ಅದೇ. ನಿಗಡಿಯಲ್ಲಿ ಕೂತು ಬೆಳಿಗ್ಗೆಯಿಂದ ಮರಾಠಿ, ಕನ್ನಡ ಬೆರೆಸಿ ಮಾತಾಡುವವರು ಪೋಸ್ಟಿನಲ್ಲಿ ಮಾತ್ರ ಇಂಗ್ಲಿಷ್ ಬರೆದರೆ ಬೇರೆ ಯಾರೋ ಬರೆದಂತೆ ಕಾಣುತ್ತದೆ. ಒಂದು ಪೋಸ್ಟಿನಲ್ಲಿ ಮೊದಲು ಮರಾಠಿಯ ಎರಡು ಸಾಲು, ಕೆಳಗೆ ಕನ್ನಡದ ಎರಡು ಸಾಲು, ಬೆಲೆ ಮತ್ತು ತೂಕ ಅಂಕಿಯಲ್ಲಿ. ಮಷೀನ್ ಅನುವಾದ ಹಾಕುವ ಮುನ್ನ ಪಕ್ಕದ ಅಂಗಡಿಯ ಮರಾಠಿಯವರಿಗೆ ಒಮ್ಮೆ ಓದಿ ತೋರಿಸಿ. ತಿಂಡಿ ಪದಾರ್ಥಗಳ ಹೆಸರಿನಲ್ಲೇ ಎಡವುವುದು ಜಾಸ್ತಿ: ನಮ್ಮ ಸಾರನ್ನು ಹಾಗೇ ಮರಾಠಿಗೆ ಇಳಿಸಿದರೆ ಅವರಿಗೆ ನೆನಪಾಗುವುದು ಟೊಮ್ಯಾಟೊದ್ದೋ ಕೋಕಮ್ಮಿನದೋ ಸಾರ್, ಬೇಳೆ ಸಾರು ಅಲ್ಲ. "ರಸಮ್ ಮಸಾಲಾ" ಎಂದು ಬರೆದು ಪಕ್ಕದಲ್ಲಿ "ಸಾರಿನ ಪುಡಿ" ಇಡಿ. ಅವಲಕ್ಕಿಗೆ ಪೋಹೆ ಎನ್ನಿ. ಶೇಂಗಾ ಚಟ್ನಿಗೆ ಏನೂ ಮಾಡುವುದು ಬೇಡ, ಆ ಹೆಸರು ಅವರಿಗೂ ತಿಳಿಯುತ್ತದೆ.